ರಿಪೇರಿಗೆ ಬಂದ ಹಳೆಯ ಗಾಡಿಯನ್ನು ಕೊಳ್ಳಬಹುದೇ?



ಕೊಬ್ಬರಿ ಮಾರಿದ ತಿಂಗಳು, ಅಡಿಕೆ ಮಾರಿದ ತಿಂಗಳು, ಕಬ್ಬಿನ ಬಾಕಿ ಕೈಗೆ ಬಂದ ವಾರ, ಇಂಥ ದಿವಸಗಳಲ್ಲಿ ನಮ್ಮ ಹಳ್ಳಿಯ ಜಗಲಿಗಳ ಮೇಲೆ ಒಂದು ಮಾತು ತಪ್ಪದೆ ಏಳುತ್ತದೆ. "ಒಂದು ಹಳೇ ಕಾರು ಬಂದೈತಂತೆ. ಸ್ವಲ್ಪ ಕೆಲಸ ಐತಂತೆ. ಬೆಲೆ ಮಾತ್ರ ಭಾಳ ಕಮ್ಮಿಯಂತೆ." ಈ ಮೂರು "ಅಂತೆ"ಗಳಲ್ಲಿ ನಡುವಿನದೇ ನಮ್ಮನ್ನು ಕೆಡಿಸುವುದು. ಆ "ಸ್ವಲ್ಪ ಕೆಲಸ" ಎಂದರೆ ಎಷ್ಟು? ಅದನ್ನು ಹಣ ಕೊಡುವುದಕ್ಕೆ ಮೊದಲೇ ತಿಳಿಯುವುದು ಹೇಗೆ? ಎಂಥ ಕೆಲಸವಿದ್ದರೆ ಕೊಳ್ಳಬಹುದು, ಎಂಥದಿದ್ದರೆ ಹೆಗಲ ಮೇಲಿನ ಟವಲು ಕೊಡವಿಕೊಂಡು ಎದ್ದು ಬರಬೇಕು? ಇದನ್ನು ಕುರಿತು ಇಂದು ತಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ನಾನು ಮೆಕ್ಯಾನಿಕ್ ಅಲ್ಲ. ತಿಪಟೂರು ಕಡೆಯವನು, ತೆಂಗು ರಾಗಿ ಬೆಳೆಯುವವನು. ಆದರೆ ಈ ವಿಷಯದಲ್ಲಿ ಸರಿಯಾಗಿ ಪೆಟ್ಟು ತಿಂದವನು. ಇಪ್ಪತ್ತು ವರ್ಷದ ಹಿಂದೆ ಒಂದು ಹಳೆಯ ಜೀಪನ್ನು ತಂದೆ. ಹೊಗೆ ಹಾಕುತ್ತಿತ್ತು. "ರಿಂಗ್ ಹಾಕ್ಸಿದ್ರೆ ಆಯ್ತು" ಎಂದರು, ನಂಬಿದೆ. ಗ್ಯಾರೇಜಿಗೆ ಬಿಟ್ಟು "ಎಷ್ಟಾಗುತ್ತಪ್ಪ?" ಎಂದು ಕೇಳಿದರೆ "ಬಿಚ್ಚಿದ ಮೇಲೆ ಹೇಳ್ತೀನಿ ಸ್ವಾಮಿ" ಎಂಬ ಉತ್ತರ ಬಂತು. ಬಿಚ್ಚಿದ ಮೇಲೆ ಗಾಡಿ ನಮ್ಮ ಕೈಯಲ್ಲಿರುವುದಿಲ್ಲ ನೋಡಿ. ಹರಡಿದ ಎಂಜಿನ್ನನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಇನ್ನೊಬ್ಬರ ಗ್ಯಾರೇಜಿಗೆ ಹೋಗುವುದಕ್ಕಾಗುತ್ತದೆಯೇ? ಐದು ತಿಂಗಳು ಅಲ್ಲೇ ನಿಂತಿತು. ಮೂರು ಸಲ ಮುಂಗಡ ಕೊಟ್ಟೆ. ಕೊಂಡ ಬೆಲೆಯನ್ನು ರಿಪೇರಿಯ ಬೆಲೆ ಮೀರಿತು. ಕಡೆಗೆ ಚಾಸಿಯೇ ಸೀಳಿದೆಯೆಂದು ಗೊತ್ತಾಗಿ ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿದೆ. ಆ ಹಣ ಬೋರ್‌ವೆಲ್ ಕೊರೆಸಲೆಂದು ಇಟ್ಟಿದ್ದ ಹಣ. ತೋಟದ ಮೇಲಿನ ಮೂಲೆಯ ನಲವತ್ತು ತೆಂಗಿನ ಗಿಡಗಳು ಆ ಬೇಸಿಗೆಯಲ್ಲಿ ಸುಳಿ ಒಣಗಿ ಹೋದವು. ಆ ಜಾಗ ನೋಡಿದಾಗಲೆಲ್ಲ ನನಗೆ ಈಗಲೂ ಜೀಪು ಕಾಣುತ್ತದೆ.

ಹೀಗಿರುವುದರಿಂದ 2024ರ ಆಗಸ್ಟಿನಲ್ಲಿ ನಮ್ಮ ನೆರೆಯ ಹುಡುಗ (ಹುಡುಗನೆಂದರೆ ಮೂವತ್ತೈದು ದಾಟಿದವನು) "ಅಣ್ಣ, ಒಂದು ಗಾಡಿ ನೋಡಕ್ಕೆ ಹೋಗಬೇಕು, ಜೊತೆಗೆ ಬಾರಣ್ಣ" ಎಂದು ಕರೆದಾಗ, ಮೊದಲು ಅವನನ್ನು ಜಗಲಿಯ ಮೇಲೆ ಕೂರಿಸಿ ಕಾಗದ ಪೆನ್ಸಿಲು ತರಿಸಿದೆ.

ಅವನದು ಷೋಕಿಯ ಮಾತಲ್ಲ. ತಾಯಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ದಿನ ಡಯಾಲಿಸಿಸ್ ಮಾಡಿಸಬೇಕು. ಹೋಗಿ ಬರುವುದು ಮೂವತ್ತೆರಡು ಕಿಲೋಮೀಟರು. ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಕಾದು ಕರೆತರಲು ಬಾಡಿಗೆ ಗಾಡಿಯವರಿಗೆ ಒಂದು ಸಲಕ್ಕೆ 700 ರೂಪಾಯಿ. ವರ್ಷಕ್ಕೆ 104 ಸಲ. ಕೂಡಿಸಿದರೆ 72,800 ರೂಪಾಯಿ. "ನೋಡಣ್ಣ, ಒಂದೂವರೆ ವರ್ಷದ ಬಾಡಿಗೇಲಿ ಒಂದು ಗಾಡಿನೇ ಬತ್ತೈತೆ" ಎಂದ. ಎಲ್ಲರೂ ಹೀಗೇ ಲೆಕ್ಕ ಹಾಕುವುದು, ಮತ್ತು ಇಲ್ಲೇ ಎಡವುವುದು. ಸ್ವಂತ ಗಾಡಿ ನೀರು ಕುಡಿದು ಓಡುವುದಿಲ್ಲವಲ್ಲ. ಲೀಟರಿಗೆ 103 ರೂಪಾಯಿ, ಒಂದು ಸಲಕ್ಕೆ ಎರಡೂವರೆ ಲೀಟರು ಹಿಡಿದರೆ ಸುಮಾರು 260 ರೂಪಾಯಿ ಪೆಟ್ರೋಲಿಗೇ ಹೋಯಿತು. ಉಳಿಯುವುದು 440, ವರ್ಷಕ್ಕೆ ನಲವತ್ತೈದು ಸಾವಿರ ಚಿಲ್ಲರೆ. ಅದರಲ್ಲಿ ವಿಮೆ, ಆಯಿಲು, ಟೈರು, ಸಣ್ಣ ಪುಟ್ಟ ರಿಪೇರಿಗೆ ಹದಿನೈದು ಸಾವಿರ ತೆಗೆದಿಡಿ. ನಿಜವಾಗಿ ಉಳಿದದ್ದು ಮೂವತ್ತು ಸಾವಿರ. ಒಂದು ಲಕ್ಷದ ಹತ್ತು ಸಾವಿರ ಹಾಕಿದರೆ ಅದು ತಿರುಗಿ ಬರಲು ಮೂರೂವರೆ ವರ್ಷಕ್ಕೂ ಹೆಚ್ಚು ಬೇಕು. ಅದೂ ಓಡಿಸುವವನು ಅವನೇ ಆದರೆ. ಡ್ರೈವರಿಗೆ ಸಂಬಳ ಕೊಡುವುದಾದರೆ ಕಾಗದ ಮಡಿಸಿ ಜೇಬಿಗೆ ಹಾಕಿಕೊಳ್ಳಬೇಕಾದ್ದೇ. "ಮಿಕ್ಕ ದಿನ ಬಾಡಿಗೆ ಹೊಡೆದುಕೊಳ್ತೀನಿ" ಎನ್ನುವವರೂ ಉಂಟು. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ಓಡಿಸುವುದು ಕಾನೂನಿಗೆ ವಿರೋಧ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ.

ಹಣದ ಲೆಕ್ಕದಲ್ಲಿ ಅಂಥ ದೊಡ್ಡ ಲಾಭವಿಲ್ಲವೆಂದಾಯಿತು. ಆದರೂ ಬೇಡವೆಂದು ನಾನು ಹೇಳಲಿಲ್ಲ. ಅಪರಾತ್ರಿಯಲ್ಲಿ ಅವನ ತಾಯಿಗೆ ಉಸಿರು ಕಟ್ಟಿದಾಗ ಹಳ್ಳಿಯಲ್ಲಿ ಬಾಡಿಗೆ ಗಾಡಿ ಸಿಗದೆ ಅವನು ಮನೆಮನೆಯ ಬಾಗಿಲು ತಟ್ಟಿದ್ದನ್ನು ನಾನೇ ನೋಡಿದ್ದೇನೆ. ಅದಕ್ಕೆ ಬೆಲೆ ಕಟ್ಟುವುದಕ್ಕಾಗುವುದಿಲ್ಲ. ಆದರೆ ಅಂಥ ಮನೆಗೆ ಬರುವ ಗಾಡಿ, ಡಯಾಲಿಸಿಸ್ಸಿನ ಬೆಳಿಗ್ಗೆ ಕೈಕೊಡಬಾರದು. ಷೋಕಿಗೆ ತಂದದ್ದು ನಿಂತರೆ ನಿಂತಿತು. ಇದು ಹಾಗಲ್ಲ.

ಕೈಯಲ್ಲಿದ್ದ ಕೊಬ್ಬರಿ ಹಣ ಒಂದೂವರೆ ಲಕ್ಷ. ಅದರಲ್ಲಿ ಗೊಬ್ಬರಕ್ಕೂ ತಾಯಿಯ ಔಷಧಿಗೂ ನಲವತ್ತು ಸಾವಿರ ಮುಟ್ಟಕೂಡದ ಹಣ. ಉಳಿದ 1,10,000ವನ್ನು ಗೆರೆ ಎಳೆದು ಬರೆದೆವು. ಗಾಡಿ, ರಿಪೇರಿ, ಕಾಗದಪತ್ರ ಎಲ್ಲವೂ ಆ ಗೆರೆಯ ಒಳಗೆ ಮುಗಿಯಬೇಕು. ಸಾಲವಿಲ್ಲ.

ನೋಡಲು ಹೋದದ್ದು ಎರಡು ಗಾಡಿ, ಎರಡೂ ಮಾರುತಿ ಓಮ್ನಿ ವ್ಯಾನುಗಳು. ಈ ಗಾಡಿ ತಮಗೆಲ್ಲ ಗೊತ್ತು. 1984ರಲ್ಲಿ ಬಂದು, ಸುರಕ್ಷತೆಯ ಹೊಸ ನಿಯಮಗಳು ಬಂದಾಗ 2019ರಲ್ಲಿ ತಯಾರಿಕೆ ನಿಂತಿತು. ಮುಂದಿನ ಸೀಟಿನ ಕೆಳಗೇ ಎಂಜಿನ್ನು, ಪಕ್ಕಕ್ಕೆ ಸರಿಯುವ ಬಾಗಿಲು, ಹಿಂದೆ ಪಟ್ಟೆ ಸ್ಪ್ರಿಂಗು. ಕೈಲಾಗದವರನ್ನು ಹತ್ತಿಸಿ ಇಳಿಸಲು ಅನುಕೂಲ. ಬಿಡಿಭಾಗ ಎಲ್ಲ ಊರಿನಲ್ಲೂ ಸಿಗುತ್ತದೆ. ಆದರೆ ಓಡಿಸುವವನ ಮುಂದೆ ಒಂದು ತಗಡು ಬಿಟ್ಟರೆ ಬೇರೆ ರಕ್ಷಣೆಯಿಲ್ಲ. ಹೆದ್ದಾರಿಯಲ್ಲಿ ಇದನ್ನು ಜೋರಾಗಿ ಓಡಿಸುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಮೊದಲನೆಯದು 2010ರ ಗಾಡಿ. ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಸ ಬಣ್ಣ, ಹೊಸ ಸೀಟಿನ ಗವಸು, ದೇವರ ಮುಂದೆ ಪುಟ್ಟ ದೀಪ ಬೇರೆ. ಬೆಲೆ ಒಂದು ಲಕ್ಷದ ಹತ್ತು ಸಾವಿರ, ಸರಿಯಾಗಿ ನಮ್ಮ ಗೆರೆಯ ಮೇಲೆ. ದಲ್ಲಾಳಿ "ಕೀ ತಗೊಳ್ಳಿ ಯಜಮಾನ್ರೆ, ಮನೆಗೆ ಓಡಿಸ್ಕೊಂಡು ಹೋಗಿ. ಒಂದು ರೂಪಾಯಿ ಕೆಲಸ ಇಲ್ಲ" ಎಂದ. ನಮ್ಮ ಹುಡುಗನ ಮುಖ ಅರಳಿತು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಕೊಂಬಿಗೆ ಬಣ್ಣ ಬಳಿದು ಎಣ್ಣೆ ತೀಡಿ ನಿಲ್ಲಿಸಿದ ಎತ್ತನ್ನು ನಮ್ಮ ಹಿರಿಯರು ಹೇಗೆ ನೋಡುತ್ತಿದ್ದರು? ಹಲ್ಲು ನೋಡಿ, ಗೊರಸು ನೋಡಿ, ನಡೆಸಿ ನೋಡಿ, ಆಮೇಲೆ ಟವಲಿನಡಿಯಲ್ಲಿ ಬೆರಳು ಹಿಡಿಯುತ್ತಿದ್ದರು.

ನಮ್ಮ ಜೊತೆ ಪರಿಚಯದ ಒಬ್ಬ ಮೇಸ್ತ್ರಿ ಬಂದಿದ್ದರು. ಅರ್ಧ ದಿನದ ಕೂಲಿ ಕೊಟ್ಟು ಕರೆದೊಯ್ದದ್ದು. ಈ ಕೂಲಿಯನ್ನು ಯಾರೂ ಉಳಿಸಬೇಡಿರಿ; ಮಾರುವವರೇ ತೋರಿಸಿದ ಮೆಕ್ಯಾನಿಕ್ಕನ ಮಾತು ಮಾರುವವರ ಮಾತೇ. ಮೇಸ್ತ್ರಿ ಎಂಜಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಜೇಬಿನಿಂದ ಒಂದು ಆಯಸ್ಕಾಂತ ತೆಗೆದು, ಬಣ್ಣ ಗೀಚದಂತೆ ತೆಳ್ಳನೆ ಬಟ್ಟೆ ಸುತ್ತಿ, ಬಾಗಿಲ ಮೇಲೆ ಇಟ್ಟರು, ಹಿಡಿಯಿತು. ಬಾಗಿಲ ಕೆಳ ಅಂಚಿಗೆ ಇಟ್ಟರು, ಜಾರಿ ಬಿತ್ತು. ಚಕ್ರದ ಮೇಲಿನ ಕಮಾನಿಗೆ ಇಟ್ಟರು, ಅಲ್ಲೂ ಬಿತ್ತು. ತಗಡು ತಿಂದುಹೋದ ಜಾಗದಲ್ಲಿ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರೆ ಆಯಸ್ಕಾಂತ ಹಿಡಿಯುವುದಿಲ್ಲ. ಬಳಿಕ ಒಳಗಿನ ರಬ್ಬರು ಹಾಸು ಎತ್ತಿ ನೆಲದ ತಗಡಿಗೆ ಸ್ಕ್ರೂಡ್ರೈವರು ಒತ್ತಿದರು. ಹಪ್ಪಳಕ್ಕೆ ಬೆರಳು ಹೋದಂತೆ ಹೋಯಿತು. ಕೆಳಗೆ ಮಲಗಿ ನೋಡಿದರೆ, ಹಿಂದಿನ ಸ್ಪ್ರಿಂಗು ಕೂರುವ ಜಾಗದಲ್ಲಿ ತೇಪೆಯ ಮೇಲೆ ತೇಪೆ ಬೆಸುಗೆ. ನಂಬರು ಕೆಎ 19, ಅಂದರೆ ಮಂಗಳೂರಿನ ನೋಂದಣಿ. ಕರಾವಳಿಯ ಉಪ್ಪುಗಾಳಿ, ಅಲ್ಲಿನ ಮಳೆ, ಇವು ತಗಡಿಗೆ ಏನು ಮಾಡುತ್ತವೆಂಬುದನ್ನು ಆ ಕಡೆಯ ಕೇಳುಗರು ನನಗಿಂತ ಚೆನ್ನಾಗಿ ಬಲ್ಲರು. ಜೀಪಿನ ಹಾಗೆ ಇಂಥ ವ್ಯಾನಿಗೆ ಭಾರಿ ಚಾಸಿ ಇಲ್ಲ. ಮೈಯ ತಗಡೇ ಭಾರ ಹೊರಬೇಕು. ತುಕ್ಕು ಇಲ್ಲಿ ಅಂದದ ಮಾತಲ್ಲ, ಎಲುಬಿನ ಮಾತು. ಎಂಜಿನ್ನು ಕೆಟ್ಟರೆ ಸರಿಮಾಡಬಹುದು, ಗೇರ್‌ಬಾಕ್ಸು ಕೆಟ್ಟರೆ ಬೇರೆ ಹಾಕಬಹುದು. ಕೊಳೆತ ಮೈಗೆ ಮದ್ದಿಲ್ಲ. ಒಂದು ಕಡೆ ಕತ್ತರಿಸಿ ಬೆಸೆದರೆ ಪಕ್ಕದ ತಗಡು ಬೆಸುಗೆ ಹಿಡಿಯದೆ ಉದುರುತ್ತದೆ.

ಇನ್ನು ಆ ಗಾಡಿಯ ಕಾಗದ. ಖಾಸಗಿ ಕಾರಿನ ನೋಂದಣಿ 15 ವರ್ಷದವರೆಗೆ ನಡೆಯುತ್ತದೆ. ಆಮೇಲೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಿ, ಯೋಗ್ಯವಾಗಿದ್ದರೆ ಐದು ವರ್ಷಕ್ಕೆ ನವೀಕರಿಸುತ್ತಾರೆ. ಮೊದಲು ಕಾರಿಗೆ ಇದರ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲಿನಿಂದ 5,000 ಆಯಿತು. ಹಸಿರು ತೆರಿಗೆ ಬೇರೆ. 2010ರ ಜನವರಿಯ ಆ ಗಾಡಿಗೆ 15 ತುಂಬಲು ಉಳಿದದ್ದು ಐದೇ ತಿಂಗಳು. ಆ ಕೊಳೆತ ನೆಲವನ್ನು ಇನ್‌ಸ್ಪೆಕ್ಟರು ನೋಡುವ ಮೊದಲು ಯಾರ ತಲೆಗಾದರೂ ಕಟ್ಟಬೇಕಿತ್ತು. ಹೊಸ ಬಣ್ಣದ ಅರ್ಥ ನಮಗೆ ಆಗ ಹೊಳೆಯಿತು.

ಹಳ್ಳಿಗಳಲ್ಲಿ ಒಂದು ಸುದ್ದಿ ಓಡಾಡುತ್ತದೆ, 15 ವರ್ಷ ಆದ ಗಾಡಿಯನ್ನು ಸರ್ಕಾರದವರು ಹಿಡಿದುಕೊಂಡು ಹೋಗುತ್ತಾರೆಂದು. ಅದು ದೆಹಲಿಯ ಸುತ್ತಿನ ಪ್ರದೇಶದ ವಿಚಾರ. ಅಲ್ಲಿ ಹೊಗೆಯ ಕಾರಣಕ್ಕೆ ಹಳೆಯ ಗಾಡಿಗಳ ಮೇಲೆ ನ್ಯಾಯಾಲಯಗಳ ಆಜ್ಞೆಗಳಾದವು. ನಮ್ಮಲ್ಲಿ ನವೀಕರಣ ಮಾಡಿಸಿ ಓಡಿಸಬಹುದು. ಆದರೆ ಅದೇ ಕಾರಣದಿಂದ ಆ ಕಡೆಯ ಗಾಡಿಗಳು ಅಗ್ಗವಾಗಿ ನಮ್ಮ ಕಡೆ ಬರುತ್ತವೆ. ಅಲ್ಲಿಯ ನಿರಾಕ್ಷೇಪಣಾ ಪತ್ರ ಇಲ್ಲದೆ ಇಲ್ಲಿ ನೋಂದಣಿಯಾಗದು. ಇಲ್ಲಿಯ ಜೀವಾವಧಿ ತೆರಿಗೆಯನ್ನೂ ಗಾಡಿಯ ವಯಸ್ಸಿನ ಮೇಲೆ ಕಟ್ಟಬೇಕು. ಇದನ್ನು ಕೂಡಿಸಿದ ಮೇಲೆ ಅಗ್ಗವೆಷ್ಟು ಉಳಿಯಿತೆಂದು ನೋಡಿಕೊಳ್ಳಿರಿ.

ಎರಡನೆಯ ಗಾಡಿ 2008ರದು, ನಮ್ಮ ತಿಪಟೂರಿನದೇ ನೋಂದಣಿ. ಒಬ್ಬ ನಿವೃತ್ತ ಮೇಷ್ಟರದು. ಬಣ್ಣ ಮಾಸಿ ಬಿಳಿಚಿಕೊಂಡಿತ್ತು, ಒಂದು ಕಡೆ ಗುದ್ದಿಸಿದ ತಗ್ಗು, ಬಾಗಿಲು ಎಳೆದರೆ ಗರಗಸದ ಸದ್ದು. ನಮ್ಮ ಹುಡುಗ "ಇದನ್ನ ಅವ್ವಂಗೆ ಹೆಂಗಣ್ಣ ತೋರ್ಸೋದು?" ಎಂದು ಮೆಲ್ಲಗೆ ಕೇಳಿದ. ಮೇಷ್ಟರು ಮುಚ್ಚಿಡದೆ ಹೇಳಿದರು: "ಆಯಿಲು ಕುಡಿಯುತ್ತೆ. ತಿಂಗಳಿಗೆ ಒಂದು ಲೀಟರು ಹಾಕ್ತೀನಿ. ನನಗೆ ಮಾಡಿಸೋ ತ್ರಾಣ ಇಲ್ಲ." ಕೇಳಿದ ಬೆಲೆ 75,000.

ಆಯಸ್ಕಾಂತ ಎಲ್ಲ ಕಡೆ ಹಿಡಿಯಿತು. ಸ್ಕ್ರೂಡ್ರೈವರು ಎಲ್ಲೂ ಹೋಗಲಿಲ್ಲ. ನಾವು ಬರುವ ಮುಂಚೆ ಸ್ಟಾರ್ಟು ಮಾಡಬೇಡಿರೆಂದು ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದೆವು. ಬಿಸಿ ಮಾಡಿಟ್ಟ ಎಂಜಿನ್ನು ತನ್ನ ರೋಗವನ್ನು ಹೇಳುವುದಿಲ್ಲ. ರೇಡಿಯೇಟರಿನ ಮುಚ್ಚಳ ತಣ್ಣಗಿರುವಾಗ ತೆಗೆದರು. ನೀರಿನ ಮೇಲೆ ಎಣ್ಣೆಯ ಪೊರೆ ಇಲ್ಲ. ಆಯಿಲು ಕಡ್ಡಿ ಎಳೆದರು; ಕಪ್ಪಗಿತ್ತು, ಹಾಲು ಬೆರೆತ ಕಾಫಿಯ ಬಣ್ಣವಿರಲಿಲ್ಲ. ಅಂದರೆ ನೀರೂ ಆಯಿಲೂ ಒಂದಕ್ಕೊಂದು ಬೆರೆತಿಲ್ಲ. ಸ್ಟಾರ್ಟು ಮಾಡಿ ಐದು ನಿಮಿಷ ಬಿಟ್ಟು ಆಕ್ಸಿಲರೇಟರು ಒತ್ತಿದಾಗ ಹಿಂದೆ ನೀಲಿ ಹೊಗೆ. ನೀಲಿ ಹೊಗೆ ಆಯಿಲು ಸುಡುವುದರ ಗುರುತು, ಕಪ್ಪು ಪೆಟ್ರೋಲು ಹೆಚ್ಚು ಹೋಗುವುದರ ಗುರುತು. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಬಂದು, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿರುವ ಅನುಮಾನ.

ಈಗ ಮುಖ್ಯವಾದದ್ದು ಕೇಳಿರಿ. ನನ್ನ ಜೀಪಿನ ಕಾಲದಲ್ಲಿ ನನಗೆ ಯಾರೂ ಇದನ್ನು ಹೇಳಲಿಲ್ಲ. ಎಂಜಿನ್ನನ್ನು ಬಿಚ್ಚದೆಯೇ ಅದರ ಹೊಟ್ಟೆಯೊಳಗಿನ ವಿಚಾರ ಅರ್ಧ ತಿಳಿಯಬಹುದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಆ ತೂತಿಗೆ ಕಂಪ್ರೆಷನ್ ಗೇಜು ಹಿಡಿದು, ಸೆಲ್ಫು ತಿರುಗಿಸಬೇಕು. ಈ ವ್ಯಾನಿಗೆ ಮೂರು ಸಿಲಿಂಡರು. ಮೂರರ ಒತ್ತಡವೂ ಹತ್ತಿರ ಹತ್ತಿರ ಇರಬೇಕು. ಇಲ್ಲಿ ಎರಡು ಸರಿಯಿದ್ದವು, ಮೂರನೆಯದು ಬಹಳ ಕೆಳಗಿತ್ತು. ಮೇಸ್ತ್ರಿ ಆ ತೂತಿಗೆ ಒಂದು ಚಮಚ ಆಯಿಲು ಬಿಟ್ಟು ಮತ್ತೆ ನೋಡಿದರು. ಮುಳ್ಳು ಏರಿತು. ಆಯಿಲು ಬಿಟ್ಟ ಮೇಲೆ ಒತ್ತಡ ಏರಿದರೆ ತೊಂದರೆ ಪಿಸ್ಟನ್ನಿನ ರಿಂಗು, ಬೋರುಗಳಲ್ಲಿ; ಏರದೇ ಹೋದರೆ ವಾಲ್ವಿನಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿ. ಕಾಯಿಲೆಗೆ ಹೆಸರು ಸಿಕ್ಕಿತು. ಹೆಸರು ಸಿಕ್ಕ ಕಾಯಿಲೆಗೆ ಬೆಲೆ ಕೇಳಬಹುದು.

ಓಡಿಸಿಯೂ ನೋಡಿದೆವು, ತಾರು ರಸ್ತೆಯಲ್ಲಿ ಮಾತ್ರವಲ್ಲ, ನಮ್ಮೂರಿನಂಥದೇ ಒಂದು ಕಲ್ಲು ದಾರಿಯಲ್ಲೂ. ಏರಿನಲ್ಲಿ ಎಂಜಿನ್ನಿನ ಸದ್ದು ಏರಿದರೂ ಗಾಡಿ ಏರದಿದ್ದರೆ ಕ್ಲಚ್ ಪ್ಲೇಟು ಸವೆದಿದೆಯೆಂದು ತಿಳಿಯಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 1419 ಎಂದಿದ್ದರೆ 2019ರ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದು. ಗುಂಡಿ ಆಳವಾಗಿದ್ದರೂ ಹಳೆಯ ರಬ್ಬರು ಬಿರುಕು ಬಿಡುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಬೆರೆಯುತ್ತದೆ. ಅದರಲ್ಲಿ ನಮ್ಮ ಕಬ್ಬಿನದೂ ಉಂಟು, ಸಂತೋಷವೇ. ಆದರೆ ಹಳೆಯ ಗಾಡಿಯ ರಬ್ಬರು ಕೊಳವೆಗಳು ಅದನ್ನು ತಾಳುವಂಥವಲ್ಲ, ಬದಲಾಯಿಸುವುದು ಕ್ಷೇಮ.

ಮೇಷ್ಟರ ಕಾಗದಗಳು ಒಂದು ಫೈಲಿನಲ್ಲಿದ್ದವು. ಆರ್‌ಸಿಯಲ್ಲಿ ಅವರದೇ ಹೆಸರು. ಚಾಸಿಯ ನಂಬರು, ಎಂಜಿನ್ನಿನ ನಂಬರು ಎರಡೂ ತಾಳೆಯಾದವು. 2023ರಲ್ಲಿ ನವೀಕರಣವಾಗಿ 2028ರವರೆಗೆ ಊರ್ಜಿತ. ಬ್ಯಾಂಕಿನ ಸಾಲದ ಗುರುತು ಇಲ್ಲ. ಗಾಡಿಯ ನಂಬರು ಹಾಕಿ ಪರಿವಾಹನ್ ತಾಣದಲ್ಲಿ ದಂಡದ ಬಾಕಿ ನೋಡಿದೆವು, ಇರಲಿಲ್ಲ. ಆರ್‌ಸಿಯಲ್ಲಿ ಒಬ್ಬರ ಹೆಸರು, ಮಾರುವವನು ಇನ್ನೊಬ್ಬ, ನಡುವೆ ಬರಿಯ ಸಹಿ ಹಾಕಿದ ಖಾಲಿ ಫಾರಂಗಳು, ಹೀಗಿದ್ದರೆ ಎಷ್ಟು ಅಗ್ಗವಾದರೂ ಬೇಡ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಕಚೇರಿಗೆ ತಿಳಿಸಬೇಕು. ಇದು ಮಾರುವವರಿಗೂ ಒಳ್ಳೆಯದು. ಗಾಡಿ ಮಾರಿಯಾಗಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಿಮೆಯನ್ನೂ ಜೊತೆಯಲ್ಲೇ ಹೆಸರಿಗೆ ಮಾಡಿಸಿಕೊಳ್ಳಿರಿ. ಇನ್ನೊಂದು ಮಾತು: 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000ಕ್ಕೆ ಏರಿಸಿದರು. ಈ ಗಾಡಿ 2028ಕ್ಕೆ ಆ ಬಾಗಿಲಿಗೆ ಬರುತ್ತದೆ. ನಮ್ಮ ಮೂರೂವರೆ ವರ್ಷದ ಲೆಕ್ಕವೂ ಅಲ್ಲಿಗೇ ಮುಗಿಯುವುದು.

ಮೇಸ್ತ್ರಿ ಅಲ್ಲೇ ಕೂತು ಅಂದಾಜು ಬರೆದುಕೊಟ್ಟರು. ಬೋರು, ಪಿಸ್ಟನ್ನು, ರಿಂಗು, ಬ್ರೇಕು, ಎರಡು ಟೈರು, ಪೆಟ್ರೋಲು ಕೊಳವೆ ಸೇರಿ 32,000. ಬಾಗಿಲ ಸದ್ದು, ಬಣ್ಣ, ತಗ್ಗು, ಇವನ್ನು ಬಿಟ್ಟೆವು. ಅವುಗಳಿಂದ ಯಾವ ಗಾಡಿಯೂ ನಡುದಾರಿಯಲ್ಲಿ ನಿಲ್ಲುವುದಿಲ್ಲ. ಬ್ರೇಕನ್ನು ಮಾತ್ರ ಎಂಜಿನ್ನಿಗಿಂತ ಮೊದಲು ಬರೆಸಿದೆ. ಅಂದಾಜಿನ ಮೇಲೆ ಅರ್ಧ ಸೇರಿಸಿ 48,000 ಎಂದು ಹಿಡಿದೆ. ಇದು ನನ್ನ ಜೀಪು ಕಲಿಸಿದ ಗಣಿತ. ಕಾಗದಕ್ಕೂ ವಿಮೆಗೂ 4,000. ಒಂದು ಲಕ್ಷದ ಹತ್ತು ಸಾವಿರದಲ್ಲಿ ಇವನ್ನು ಕಳೆದರೆ ಗಾಡಿಗೆ ಉಳಿದದ್ದು 58,000. ಆ ಕಾಗದವನ್ನೇ ಮೇಷ್ಟರ ಮುಂದೆ ಇಟ್ಟೆವು. ಚೌಕಾಸಿ ಮಾಡಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಒಳಗೆ ಹೋಗಿ ಮನೆಯವರನ್ನು ಕೇಳಿ ಬಂದರು. "ಲೆಕ್ಕ ಸರಿಯಾಗಿದೆ" ಎಂದರು, ಪರೀಕ್ಷೆಯ ಪೇಪರು ತಿದ್ದಿದವರ ಹಾಗೆ.

ಬಿಚ್ಚಿದ ಮೇಲೆ ಕ್ಲಚ್ ಪ್ಲೇಟೂ ರೇಡಿಯೇಟರೂ ಹೋಗಿದ್ದವು. ಒಟ್ಟು ರಿಪೇರಿ 41,000 ಆಯಿತು. ಹನ್ನೊಂದು ದಿನ ಗಾಡಿ ಗ್ಯಾರೇಜಿನಲ್ಲಿತ್ತು. ಆ ದಿನಗಳಲ್ಲಿ ಮೂರು ಸಲ ಬಾಡಿಗೆ ಗಾಡಿಯಲ್ಲೇ ತಾಯಿಯನ್ನು ಕರೆದೊಯ್ದ, 2,100 ರೂಪಾಯಿ. ಅದನ್ನೂ ಅವನು ಗಾಡಿಯ ಲೆಕ್ಕದಲ್ಲೇ ಬರೆದಿಟ್ಟಿದ್ದಾನೆ. ಉಳಿದ ಹಣವನ್ನು ಮುಂದಿನ ಬ್ಯಾಟರಿಗೆಂದು ಬೇರೆ ಕಟ್ಟಿಟ್ಟ.

ಬಣ್ಣ ಇನ್ನೂ ಹೊಡೆಸಿಲ್ಲ. ಜೋರು ಮಳೆ ಬಂದರೆ ಎಡಗಡೆ ಬಾಗಿಲ ಮೂಲೆಯಲ್ಲಿ ನೀರು ಸೋರುತ್ತದೆ. ತಾಯಿ ಅಲ್ಲಿ ಒಂದು ಹಳೆಯ ಸೀರೆಯ ತುಂಡನ್ನು ಮಡಿಸಿ ತುರುಕಿದ್ದಾರೆ. ಸೋಮವಾರ, ಗುರುವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮ ಮನೆಯ ಮುಂದೆ ಆ ಬಾಗಿಲಿನ ಗರಗಸದ ಸದ್ದು ಕೇಳಿಸುತ್ತದೆ, ಆಮೇಲೆ ಗಾಡಿ ಹೊರಡುವ ಸದ್ದು.